ಬುಧವಾರದ ಟ್ರಂಕ್‌ಕಾಲ್

ಸರ್ವಮಂಗಳಾ ಐದಡಿ ಹತ್ತಂಗುಲ ಎತ್ತರವಿದ್ದಳು. ಎಪ್ಪತ್ತರ ದಶಕದ ಶುರುವಿನಲ್ಲಿ ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಅಷ್ಟು ಎತ್ತರದ ಹುಡುಗಿ ಇನ್ನೊಬ್ಬಳಿರಲಿಲ್ಲ. ಬಸ್ ಸ್ಟಾಪಿನಲ್ಲಿ ಅವಳು ಬಂದು ನಿಂತರೆ ಪಕ್ಕದ ಗಂಡಸರು ಒಂದು ಹೆಜ್ಜೆ ಆಚೆ ಸರಿಯುತ್ತಿದ್ದರು. ತಂದೆ ಸೋಮಲಿಂಗಪ್ಪ ತುಮಕೂರಿನ ಕಡೆಯವರು, ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ತಾಯಿ ಬಸವಲಿಂಗಮ್ಮನಿಗೆ ಮಗಳ ಎತ್ತರದ್ದೇ ಯೋಚನೆ. "ಸ್ವಲ್ಪ ಬಗ್ಗಿ ನಡಿಯೇ, ಯಾರಾದ್ರೂ ನೋಡ್ತಾರೆ" ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಅದಕ್ಕೆ ತದ್ವಿರುದ್ಧವಾಗಿ ಹೇಳಿದವರು ಕಾಲೇಜಿನ ವ್ಯಾಯಾಮದ ಮೇಷ್ಟ್ರು ಪಾಪಯ್ಯನವರು. ಪಿಯುಸಿಗೆ ಸೇರಿದ ಮೊದಲ ವಾರವೇ ಅವಳನ್ನು ಕಾರಿಡಾರಿನಲ್ಲಿ ತಡೆದು ನಿಲ್ಲಿಸಿ, "ಏನಮ್ಮ, ದೇವರು ಕೊಟ್ಟಿದ್ದನ್ನ ಯಾಕೆ ಮಡಚಿ ಇಟ್ಕೊಂಡಿದೀಯ? ಸಾಯಂಕಾಲ ಕೋರ್ಟಿಗೆ ಬಾ" ಅಂದರು.

ಬಾಸ್ಕೆಟ್ ಬಾಲ್ ಕೋರ್ಟು ಎಂದರೆ ಕೆಮ್ಮಣ್ಣಿನ ಅಂಗಳ, ಎರಡು ಕಬ್ಬಿಣದ ಕಂಬ, ಎರಡು ಮರದ ಹಲಗೆ. ಆಟಕ್ಕೆ ಮೊದಲು ಧೂಳೇಳದಂತೆ ಹುಡುಗಿಯರೇ ನೀರು ಚಿಮುಕಿಸಬೇಕು. ಅಲ್ಲಿ ಅವಳಿಗೆ ಉಮಾಮಹೇಶ್ವರಿ ಸಿಕ್ಕಿದಳು. ನಾಲ್ಕನೇ ಬ್ಲಾಕಿನವಳು, ಅವಳ ತಂದೆ ಕೊಟ್ರಪ್ಪನವರು ಬಳ್ಳಾರಿ ಸೀಮೆಯಿಂದ ಬಂದು ಚಿಕ್ಕಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದರು. ಉಮಾ ಗಿಡ್ಡ, ಆದರೆ ಚೆಂಡು ಅವಳ ಕೈಗೆ ಬಂದರೆ ಯಾರಿಗೂ ಕಸಿಯಲಾಗುತ್ತಿರಲಿಲ್ಲ. ಅವಳು ಒಂದು ಕಡೆ ನೋಡುತ್ತ ಇನ್ನೊಂದು ಕಡೆಗೆ ಚೆಂಡು ಕೊಡುತ್ತಿದ್ದಳು. ಬೇರೆ ಹುಡುಗಿಯರು ಕೋರ್ಟಿನಲ್ಲಿ ಗಂಟಲು ಹರಿದುಕೊಂಡು ಕೂಗಾಡುವಾಗ ಉಮಾ ಮಾತ್ರ ಮೆಲ್ಲಗೆ "ಮಂಗ್ಳಾ" ಅನ್ನುತ್ತಿದ್ದಳು. ಅಷ್ಟು ಗದ್ದಲದಲ್ಲೂ ಆ ದನಿ ಸರ್ವಮಂಗಳಾಳ ಕಿವಿಗೆ ಬಿದ್ದೇ ಬೀಳುತ್ತಿತ್ತು. ತಿರುಗಿ ನೋಡುವುದರೊಳಗೆ ಚೆಂಡು ಅವಳ ಎರಡು ಕೈಗಳ ನಡುವೆ ಇರುತ್ತಿತ್ತು.

ಎಪ್ಪತ್ತಮೂರರ ಅಂತರಕಾಲೇಜು ಪಂದ್ಯಾವಳಿಯ ಫೈನಲ್ಲಿಗೆ ಇವರ ಕಾಲೇಜು ಬರುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ. ಎದುರಾಳಿಗಳು ನಾಲ್ಕು ವರ್ಷ ಸತತವಾಗಿ ಗೆದ್ದವರು. ಬೂಟು ಹಾಕಿಕೊಂಡು ಆಡುವವರು. ಇವರಲ್ಲಿ ಇಬ್ಬರಿಗೆ ಮಾತ್ರ ಬೂಟಿತ್ತು. ಕೊನೆಯ ನಿಮಿಷದಲ್ಲಿ ಇವರು ಒಂದು ಅಂಕ ಹಿಂದಿದ್ದರು. ಉಮಾ ಚೆಂಡು ತಂದಳು, ಮೂವರು ಅವಳನ್ನು ಮುತ್ತಿದರು, ಅವಳ ಕಣ್ಣು ಎಡಕ್ಕಿತ್ತು, ಚೆಂಡು ಬಲಕ್ಕೆ ಬಂತು. ಸರ್ವಮಂಗಳಾ ನೆಗೆದು ಹಾಕಿದ ಚೆಂಡು ರಿಂಗಿನ ಮೇಲೆ ಒಂದು ಸುತ್ತು ತಿರುಗಿ ಒಳಗೆ ಬಿತ್ತು. ಮೂವತ್ತೊಂಬತ್ತು – ಮೂವತ್ತೆಂಟು. ಪಾಪಯ್ಯನವರು ಸೀಟಿ ಬಾಯಲ್ಲಿಟ್ಟುಕೊಂಡೇ ಅತ್ತುಬಿಟ್ಟರು.

ಮಾರನೆಯ ದಿನ ಪತ್ರಿಕೆಯಲ್ಲಿ ಫೋಟೋ ಬಂತು. ಸೋಮಲಿಂಗಪ್ಪನವರು ಮುದ್ರಣಾಲಯದಲ್ಲಿ ಎಲ್ಲರಿಗೂ ತೋರಿಸಿ, ಅದನ್ನು ಜೋಪಾನವಾಗಿ ಮನೆಗೆ ತಂದರು. ಬಸವಲಿಂಗಮ್ಮ ಅದನ್ನು ಅಕ್ಕಿ ಡಬ್ಬದ ಕೆಳಗೆ ಇಟ್ಟರು. ಮಗಳು ಚಡ್ಡಿ ಹಾಕಿಕೊಂಡು ನೆಗೆಯುತ್ತಿರುವ ಚಿತ್ರ ಗಂಡಿನ ಕಡೆಯವರ ಕಣ್ಣಿಗೆ ಬಿದ್ದರೆ ಗತಿಯೇನು?

ಆದರೆ ಆ ವರ್ಷ ಜಯನಗರದಲ್ಲಿ ಇವರನ್ನು ಗುರುತಿಸದವರಿರಲಿಲ್ಲ. ಇಬ್ಬರೂ ಜೊತೆಯಾಗಿ ನಾಲ್ಕನೇ ಬ್ಲಾಕಿಗೆ ಹೋದರೆ ಸೋಡಾ ಅಂಗಡಿಯವನು "ಬನ್ನಿ ಚಾಂಪಿಯನ್ಸ್" ಅನ್ನುತ್ತಿದ್ದ. ಆ ಮಾತು ಒಂದೂವರೆ ವರ್ಷ ಬಾಳಿತು. ಆಮೇಲೆ ಬೇರೆ ಕಾಲೇಜು ಗೆದ್ದಿತು. ಇವರ ತಂಡದ ಐವರಲ್ಲಿ ಒಬ್ಬಳು ಸೈನ್ಯದ ಅಧಿಕಾರಿಯನ್ನು ಮದುವೆಯಾಗಿ ಉತ್ತರದ ಕಡೆ ಹೋದಳು. ಇನ್ನೊಬ್ಬಳು ಕೋಲಾರದಲ್ಲಿ ಶಾಲೆ ಮೇಡಂ ಆದಳು. ಮತ್ತೊಬ್ಬಳ ಸುದ್ದಿ ಯಾರಿಗೂ ಗೊತ್ತಾಗಲಿಲ್ಲ. ಉಮಾಳನ್ನು ಎಪ್ಪತ್ತೈದರಲ್ಲಿ ದಾವಣಗೆರೆಯ ಹತ್ತಿ ವ್ಯಾಪಾರಿಗಳ ಮನೆಗೆ ಕೊಟ್ಟರು. ಮದುವೆಯಲ್ಲಿ ಸರ್ವಮಂಗಳಾ ಎರಡು ದಿನ ಓಡಾಡಿದಳು. ಆಮೇಲೆ ಎರಡು ವರ್ಷ ಕಾಗದಗಳು ಬಂದವು, ಆಮೇಲೆ ಹಬ್ಬಕ್ಕೊಂದು ಕಾರ್ಡು, ಆಮೇಲೆ ಅದೂ ನಿಂತಿತು.

ಸರ್ವಮಂಗಳಾಳನ್ನು ನೋಡಲು ಒಟ್ಟು ಹನ್ನೊಂದು ಗಂಡುಗಳು ಬಂದರು. ಹನ್ನೊಂದನೆಯವನು ಬಂದ ದಿನ ಬಸವಲಿಂಗಮ್ಮ ಒಂದು ಉಪಾಯ ಮಾಡಿದರು. ಮಗಳನ್ನು ಮೊದಲೇ ಚಾಪೆಯ ಮೇಲೆ ಕೂರಿಸಿಬಿಟ್ಟರು; ಉಪ್ಪಿಟ್ಟು, ಕಾಫಿ ತಾವೇ ತಂದುಕೊಟ್ಟರು. ಹುಡುಗನಿಗೆ ಮುಖ ಹಿಡಿಸಿತು, ಮಾತೂ ಹಿಡಿಸಿತು. ಹೊರಡುವಾಗ ಅವನ ಸೋದರತ್ತೆ, "ಹಿರಿಯರಿಗೆ ನಮಸ್ಕಾರ ಮಾಡಮ್ಮ" ಅಂದರು. ಅವಳು ಏಳಲೇಬೇಕಾಯಿತು. ಎದ್ದು ನಿಂತಳು. ಹುಡುಗ ಅವಳ ಭುಜಕ್ಕೆ ಬರುತ್ತಿದ್ದ. ಸೋದರತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬೇಗಬೇಗ ಮೆಟ್ಟಿಲಿಳಿದರು. ಅಂದು ರಾತ್ರಿ ಊಟಕ್ಕೆ ಕೂತಾಗ ಸರ್ವಮಂಗಳಾ, "ಇನ್ನು ಯಾರನ್ನೂ ಕರೀಬೇಡಿ ಅಪ್ಪ" ಅಂದಳು. ಸೋಮಲಿಂಗಪ್ಪನವರು "ಹೂಂ" ಅಂದರು.

ಅಷ್ಟರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಪಾಪಯ್ಯನವರೇ ಸರ್ಟಿಫಿಕೇಟುಗಳನ್ನು ಹಿಡಿದುಕೊಂಡು ಅಲೆದು, ಆಟಗಾರರಿಗೆಂದು ಮೀಸಲಿದ್ದ ಜಾಗದಲ್ಲಿ ಅವಳನ್ನು ಟೆಲಿಫೋನ್ ಆಪರೇಟರ್ ಮಾಡಿಸಿದ್ದರು. ಮೂರು ವರ್ಷ ಇಲಾಖೆಯ ತಂಡಕ್ಕೆ ಆಡಿದಳು. ಎಪ್ಪತ್ತೊಂಬತ್ತರಲ್ಲಿ ನೆಗೆದು ಇಳಿಯುವಾಗ ಬಲ ಮಂಡಿ ಹೊರಳಿತು. ಊತ ಇಳಿಯಿತು, ಆದರೆ ಮಂಡಿ ಮೊದಲಿನಂತಾಗಲಿಲ್ಲ. ತಂಡದ ಪಟ್ಟಿಯಿಂದ ಹೆಸರು ಹೋಯಿತು, ಕೆಲಸ ಉಳಿಯಿತು. ಅದೇ ವರ್ಷ ತಂದೆ ಲಿಂಗೈಕ್ಯರಾದರು. ತಾಯಿ ತುಮಕೂರಿನಲ್ಲಿದ್ದ ಮಗನ ಮನೆಗೆ ಹೋದರು. ಸರ್ವಮಂಗಳಾ ಅದೇ ಒಂಬತ್ತನೇ ಬ್ಲಾಕಿನಲ್ಲಿ ಮೀನಾಕ್ಷಮ್ಮ ಎಂಬ ವಿಧವೆಯ ಮನೆಯ ಹಿಂಭಾಗವನ್ನು ಬಾಡಿಗೆಗೆ ಹಿಡಿದಳು. ಎರಡು ಕೋಣೆ, ಒಂದು ಬಚ್ಚಲು. ಒಂದು ಕೋಣೆಯ ಬಾಗಿಲನ್ನು ಅವಳು ಕಸ ಗುಡಿಸಲು ಮಾತ್ರ ತೆರೆಯುತ್ತಿದ್ದಳು.

ಟ್ರಂಕ್ ಎಕ್ಸ್‌ಚೇಂಜಿನ ಕೆಲಸ ಹೀಗಿತ್ತು. ಉದ್ದನೆಯ ಬೋರ್ಡಿನ ಮುಂದೆ ಹೆಂಗಸರು ಸಾಲಾಗಿ ಕೂರಬೇಕು. ಬೇರೆ ಊರಿನ ಆಪರೇಟರ್ ಕೇಳಿದ ಬೆಂಗಳೂರಿನ ನಂಬರಿಗೆ ಕರೆ ಹಚ್ಚಿ, ಎರಡೂ ಕಡೆಯವರು ಸಿಕ್ಕ ಮೇಲೆ "ಮಾತಾಡಿ" ಅನ್ನಬೇಕು. ದನಿ ಸರಿಯಾಗಿ ಕೇಳುತ್ತಿದೆಯೇ ಎಂದು ಒಂದು ಗಳಿಗೆ ಆಲಿಸಿ, ತನ್ನ ಮುಂದಿನ ಕೀ ಹಿಂದಕ್ಕೆ ತಳ್ಳಿ ಆ ಮಾತಿನಿಂದ ಹೊರಗೆ ಬಂದುಬಿಡಬೇಕು. ಮೂರು ನಿಮಿಷ ಆದಾಗ ಮತ್ತೆ ಒಳಹೋಗಿ, "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಎಂದು ಕೇಳಬೇಕು. ನಡುವೆ ಕೂತು ಕೇಳಿಸಿಕೊಳ್ಳುವುದು ತಪ್ಪು. ಸರ್ವಮಂಗಳಾ ಐದು ವರ್ಷದಲ್ಲಿ ಒಮ್ಮೆಯೂ ಆ ತಪ್ಪು ಮಾಡಿರಲಿಲ್ಲ.

ಎಂಬತ್ತೊಂದರ ಶ್ರಾವಣದ ಒಂದು ಬುಧವಾರ ಮಧ್ಯಾಹ್ನ ದಾವಣಗೆರೆಯಿಂದ ಒಂದು ಕರೆ ಬಂತು. ಆ ಕಡೆಯ ಆಪರೇಟರ್ ಹೇಳಿದ ಬೆಂಗಳೂರಿನ ನಂಬರು ಸರ್ವಮಂಗಳಾಳಿಗೆ ಬಾಯಿಪಾಠವಾಗಿತ್ತು. ಕಾಲೇಜಿನ ದಿನಗಳಲ್ಲಿ ಎಷ್ಟೋ ಸಂಜೆ ಆ ಮನೆಯಲ್ಲಿ ರೊಟ್ಟಿ ತಿಂದಿದ್ದಳು.

"ಯಾರ ಹೆಸರಿಗೆ?" ಎಂದು ಕೇಳಿದಳು.

"ಚನ್ನಬಸಮ್ಮ ಕೊಟ್ರಪ್ಪ. ಮಾತಾಡೋರು ಉಮಾಮಹೇಶ್ವರಿ."

ಸರ್ವಮಂಗಳಾ ಎರಡೂ ಕಡೆ ಸೇರಿಸಿ "ಮಾತಾಡಿ" ಅಂದಳು. ಆಪರೇಟರಿನ ದನಿಯನ್ನು ಯಾರೂ ಒಬ್ಬ ವ್ಯಕ್ತಿಯ ದನಿಯೆಂದು ಗಮನಿಸುವುದಿಲ್ಲ, ಉಮಾಳೂ ಗಮನಿಸಲಿಲ್ಲ. ಸರ್ವಮಂಗಳಾಳ ಕೈ ಕೀಯ ಮೇಲೆ ಹೋಯಿತು, ಅಲ್ಲೇ ನಿಂತಿತು.

"ಅಮ್ಮ, ನಾನು."

"ಹೇಳವ್ವ. ಎಲ್ಲಾ ಆರಾಮೇನು?"

"ಆರಾಮು." ಉಮಾ ದನಿ ತಗ್ಗಿಸಿ ಅಂದಳು, "ಅವರು ನನ್ನ ಮಾತಾಡ್ಸಿ ನಾಲ್ಕು ತಿಂಗಳಾಯ್ತಮ್ಮ."

"ಇನ್ನೂ ಸಿಟ್ಟು ಇಳಿದಿಲ್ಲೇನು?"

"ಊಟ ಬೇಕಾದ್ರೆ ಅತ್ತೆಗೆ ಹೇಳ್ತಾರೆ. ನಾನು ಅಲ್ಲೇ ಎದುರಿಗೆ ನಿಂತಿರ್ತೀನಿ."

"ಇಳಿತೈತಿ ತಗಾ. ನೀನರ ಯಾಕ ಹೋಗಿ ಆ ಚೆಂಡು ಮುಟ್ಟಬೇಕಿತ್ತು?"

ಮುಂದಿನ ಬುಧವಾರ ಸರ್ವಮಂಗಳಾಳದು ಬೆಳಗಿನ ಪಾಳಿ. ಗೆಳತಿಯೊಬ್ಬಳ ಜೊತೆ ಅದಲುಬದಲು ಮಾಡಿಕೊಂಡು ಮಧ್ಯಾಹ್ನವೇ ಬಂದು ದಾವಣಗೆರೆಯ ಲೈನಿನ ಜಾಗದಲ್ಲೇ ಕೂತಳು. ಆ ವಾರ ಕರೆ ಬರಲಿಲ್ಲ. ಅದರ ಮುಂದಿನ ಬುಧವಾರ ಬಂತು. ಬುಧವಾರ ಉಮಾಳ ಅತ್ತೆ ಮಠಕ್ಕೆ ಹೋಗುವ ದಿನ, ಹಾಗಾಗಿ ಅವಳಿಗೆ ಫೋನಿನ ಹತ್ತಿರ ಹೋಗಲು ಆಗುತ್ತಿತ್ತು. ಎರಡನೆಯ ಕರೆಯಲ್ಲಿ ನಡೆದದ್ದೇನೆಂದು ಸರ್ವಮಂಗಳಾಳಿಗೆ ಅರ್ಥವಾಯಿತು. ದಾವಣಗೆರೆಯ ಒಂದು ಹೆಣ್ಣುಮಕ್ಕಳ ಕಾಲೇಜಿನವರು ಕ್ರೀಡಾದಿನಕ್ಕೆ ಬಹುಮಾನ ಕೊಡಲು ಹಳೆಯ ಚಾಂಪಿಯನ್ ಎಂದು ಉಮಾಳನ್ನು ಕರೆದಿದ್ದರು. ಹುಡುಗಿಯರು ಒಂದು ಬಾರಿ ಚೆಂಡು ಹಾಕಿ ತೋರಿಸಿ ಎಂದು ಪೀಡಿಸಿದ್ದರು. ಉಮಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡು ಬಾರಿ ಹಾಕಿದ್ದಳು; ಎರಡೂ ರಿಂಗಿನೊಳಗೆ ಬಿದ್ದಿದ್ದವು. ಊರಿನ ವಾರಪತ್ರಿಕೆ ಆ ಫೋಟೋ ಹಾಕಿ, ಕೆಳಗೆ ಗಂಡನ ಹೆಸರನ್ನೂ ಅಚ್ಚು ಹಾಕಿತ್ತು. ಗಂಡ ಅದನ್ನು ಅಂಗಡಿಯಲ್ಲಿ, ದಲ್ಲಾಳಿಗಳ ನಡುವೆ ಕೂತು ನೋಡಿದ. ಮನೆಗೆ ಬಂದು ಬೈಯಲಿಲ್ಲ, ಹೊಡೆಯಲಿಲ್ಲ. ಪತ್ರಿಕೆಯನ್ನು ಮಡಚಿ ಕಿಟಕಿಯಲ್ಲಿಟ್ಟ. ಅಂದಿನಿಂದ ಅವಳೊಡನೆ ಮಾತು ಬಿಟ್ಟ.

ಮೂರನೆಯ ಕರೆ ಬಂದದ್ದು ಮಹಾನವಮಿಯ ಹಿಂದಿನ ವಾರ.

"ಅಮ್ಮ, ನಾನು ಬಂದ್ಬಿಡ್ಲಾ?" ಎಂದು ಉಮಾ ಕೇಳಿದಳು.

"ಹಬ್ಬಕ್ಕ ಬಾ. ಅಳಿಯಂದ್ರನ್ನೂ ಕರಕಂಡು ಬಾ."

"ಮಾತೇ ಆಡ್ದೋರನ್ನ ಹೆಂಗಮ್ಮ ಕರ್ಕೊಂಡು ಬರ್ಲಿ? ನಾನು ಕೇಳ್ತಿರೋದು ಅದಲ್ಲ."

ಚನ್ನಬಸಮ್ಮ ಆ ಮಾತು ಬಿಟ್ಟು ಹಬ್ಬದ ಸೀರೆ, ನೆಂಟರಿಷ್ಟರ ಸುದ್ದಿ ತೆಗೆದರು. ಮೂರು ನಿಮಿಷ ದಾಟಿತು, ಆರು ದಾಟಿತು. ಸರ್ವಮಂಗಳಾ ನಡುವೆ ಹೋಗಿ ಏನೂ ಹೇಳಲಿಲ್ಲ. ಮಾತು ಮುಗಿಯಬಾರದೆಂದೇ ಅವಳಿಗೆ ಇದ್ದದ್ದು. ಕೊನೆಗೆ ಚನ್ನಬಸಮ್ಮನೇ, "ಹೊತ್ತಾಗಿರ್ಬೇಕು, ಇಡ್ತೀನವ್ವ" ಎಂದು ಇಟ್ಟುಬಿಟ್ಟರು.

ಉಮಾ ಇಡಲಿಲ್ಲ. ಅವಳ ಉಸಿರು ಕೇಳಿಸುತ್ತಿತ್ತು. ಇನ್ನೂರೈವತ್ತು ಕಿಲೋಮೀಟರಿನ ತಂತಿಯ ಎರಡು ತುದಿಯಲ್ಲಿ ಈಗ ಅವರಿಬ್ಬರೇ ಇದ್ದರು. "ಉಮಾ, ನಾನು" ಅನ್ನಬೇಕೆಂದು ಸರ್ವಮಂಗಳಾ ಬಾಯಿ ತೆರೆದಳು. ಇಷ್ಟು ದಿನ ಕೇಳಿಸಿಕೊಂಡದ್ದನ್ನು ಹೇಗೆ ಹೇಳುವುದು? ಹಿಂದೆ ಸೂಪರ್‌ವೈಸರ್ ನಡೆದಾಡುತ್ತಿದ್ದರು. ಬಾಯಿ ಮುಚ್ಚಿದಳು. ಅಷ್ಟರಲ್ಲಿ ಆ ಕಡೆಯ ಆಪರೇಟರ್ ನಡುವೆ ಬಂದು, "ಬೆಂಗಳೂರು, ಮುಗೀತಾ?" ಅಂದಳು.

"ಮುಗೀತು" ಅಂದಳು ಸರ್ವಮಂಗಳಾ.

ಮುಂದಿನ ವಾರದ ರಜೆಯ ದಿನ ಅವಳು ಬೆಳಗಿನ ಮೊದಲ ಬಸ್ಸು ಹಿಡಿದು ದಾವಣಗೆರೆಗೆ ಹೋದಳು. ಹೋಗುವ ಮೊದಲು ಖಾಲಿ ಕೋಣೆಯನ್ನು ತೊಳೆದು, ಒಂದು ಮಂಚ ಬಾಡಿಗೆಗೆ ತರಿಸಿ ಹಾಕಿಸಿದ್ದಳು.

ಉಮಾಳ ಅತ್ತೆ ಸಂಭ್ರಮದಿಂದಲೇ ಬರಮಾಡಿಕೊಂಡರು. "ಬಾರವ್ವ, ಕುಂದ್ರು. ಎಷ್ಟು ಉದ್ದ ಅದೀಯವ್ವ, ನಮ್ಮ ಬಾಗಿಲಾಗ ತಲಿ ಬಡದೀತು" ಎಂದು ನಕ್ಕು, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು. ಸಂಬಂಧಿಕರ ಮನೆಗೆ ಬಂದವಳು ಹಾಗೇ ನೋಡಿಕೊಂಡು ಹೋಗೋಣವೆಂದು ಬಂದೆ ಅಂದಳು ಸರ್ವಮಂಗಳಾ. ಉಮಾ ಬಾಗಿಲಿನ ಹತ್ತಿರ ನಿಂತು ಅವಳನ್ನು ನೋಡಿ ನೋಡಿ ನಗುತ್ತಿದ್ದಳು. ದಪ್ಪಗಾಗಿದ್ದಳು. ಕೈತುಂಬ ಬಳೆ.

ಮಧ್ಯಾಹ್ನ ಗಂಡ ಊಟಕ್ಕೆ ಬಂದ. ಕೆಟ್ಟವನಂತೆ ಕಾಣಲಿಲ್ಲ. "ನಮಸ್ಕಾರ. ಬಸ್ಸಲ್ಲಿ ಬಂದ್ರಾ? ರಶ್ಶು ಇತ್ತೇನು?" ಎಂದು ಅತಿಥಿಯನ್ನು ವಿಚಾರಿಸಿದ. ಎಲೆಯ ಮುಂದೆ ಕೂತು, "ಅವ್ವಾ, ನೀರು" ಅಂದ. ನೀರಿನ ತಂಬಿಗೆ ಹಿಡಿದು ಉಮಾ ಅವನ ಪಕ್ಕದಲ್ಲೇ ನಿಂತಿದ್ದಳು. ಅತ್ತೆ ಅಡುಗೆಮನೆಯಿಂದ ಬಂದು, ಸೊಸೆಯ ಕೈಯಿಂದ ತಂಬಿಗೆ ತೆಗೆದುಕೊಂಡು ಮಗನ ಲೋಟಕ್ಕೆ ಬಗ್ಗಿಸಿದರು. ಇದೆಲ್ಲ ಎಷ್ಟು ರೂಢಿಯಾಗಿತ್ತೆಂದರೆ ಯಾರ ಮುಖದಲ್ಲೂ ಏನೂ ಬದಲಾಗಲಿಲ್ಲ.

ಊಟವಾದ ಮೇಲೆ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಇಬ್ಬರೇ ಸಿಕ್ಕರು. ಸರ್ವಮಂಗಳಾ ಬಸ್ಸಿನಲ್ಲಿ ಯೋಚಿಸಿಕೊಂಡು ಬಂದ ಮಾತುಗಳೆಲ್ಲ ಮರೆತುಹೋಗಿ, ಒಂದೇ ಉಸಿರಿಗೆ ಅಂದಳು: "ನಂದು ಒಂದು ಕೋಣೆ ಖಾಲಿ ಇದೆ. ಬಂದ್ಬಿಡು. ನಾನೊಬ್ಳೇ ಇರೋದು. ಯಾರೂ ಏನೂ ಕೇಳಲ್ಲ."

ಉಮಾಳ ನಗು ನಿಧಾನವಾಗಿ ಇಳಿಯಿತು. "ಯಾಕೆ ಹಿಂಗಂತೀಯ? ನಿಂಗೆ ಯಾರು ಹೇಳಿದ್ರು?"

ಸರ್ವಮಂಗಳಾ ಕಲ್ಲಿನ ಮೇಲಿದ್ದ ಸೋಪಿನ ಚೂರನ್ನು ಪಕ್ಕಕ್ಕೆ ಸರಿಸಿದಳು.

"ನಾನು ನಮ್ಮಮ್ಮಂಗೆ ಬಿಟ್ಟು ಯಾರಿಗೂ ಹೇಳಿಲ್ಲ. ನಮ್ಮಮ್ಮ ಯಾರ ಹತ್ರಾನೂ ಬಾಯಿ ಬಿಡೋಳಲ್ಲ." ಉಮಾ ಅವಳ ಮುಖವನ್ನೇ ನೋಡುತ್ತಿದ್ದಳು. "ನೀನು ಈಗ್ಲೂ ಟೆಲಿಫೋನಲ್ಲೇ ಇದೀಯಾ?"

"ಹೂಂ."

"ಎಷ್ಟು ಸಲ ಕೇಳಿಸ್ಕೊಂಡೆ?"

"ಮೂರು ಸಲ."

ಉಮಾ ಕಲ್ಲಿನ ಮೇಲೆ ಕೂತಳು. ಅಳಲಿಲ್ಲ. "ಈ ಊರಲ್ಲಿ ನಂಗೆ ಅಂತ ಇದ್ದಿದ್ದು ಆ ಫೋನು ಒಂದೇ, ಮಂಗ್ಳಾ" ಅಂದಳು. ಆಮೇಲೆ ಎದ್ದು, "ನಾಲ್ಕು ಗಂಟೆಗೆ ಒಂದು ಬಸ್ಸಿದೆ, ಅದು ಬಿಟ್ರೆ ನಿಂಗೆ ಲೇಟಾಗುತ್ತೆ" ಎಂದು ಒಳಗೆ ಹೋದಳು. ಅತ್ತೆ ಹಣೆಗೆ ವಿಭೂತಿ ಇಟ್ಟು, ಒಂದು ಕುಪ್ಪಸದ ಕಣ ಕೊಟ್ಟು ಕಳಿಸಿದರು.

ಅದಾದ ಮೇಲೆ ಯಾವ ಬುಧವಾರವೂ ಆ ಕರೆ ಬರಲಿಲ್ಲ. ಸರ್ವಮಂಗಳಾ ಮೂರು ಕಾಗದ ಬರೆದಳು, ಒಂದಕ್ಕೂ ಉತ್ತರವಿಲ್ಲ. ಮಂಚವನ್ನು ವಾಪಸು ಕಳಿಸಿದಳು. ಹೊಸ ವರ್ಷಕ್ಕೆ ತಾನೇ ಅರ್ಜಿ ಕೊಟ್ಟು ಟ್ರಂಕ್ ಬೋರ್ಡಿನಿಂದ ನಂಬರು ವಿಚಾರಿಸುವವರ ವಿಭಾಗಕ್ಕೆ ಹೋದಳು. ಅಲ್ಲಿ ಜನ ಒಂದು ಹೆಸರು ಹೇಳುತ್ತಾರೆ, ಇವಳು ಪುಸ್ತಕ ನೋಡಿ ಒಂದು ನಂಬರು ಹೇಳುತ್ತಾಳೆ, ಅಷ್ಟೇ. ಯಾಕಮ್ಮ ಈ ಬೇಜಾರಿನ ಕೆಲಸ ಕೇಳಿ ಹಾಕಿಸಿಕೊಂಡೆ ಎಂದು ಸೂಪರ್‌ವೈಸರ್ ಕೇಳಿದಾಗ, "ಮಂಡಿ ನೋವು ಮೇಡಂ, ಆ ಸ್ಟೂಲು ಆಗಲ್ಲ" ಅಂದಳು.

ಎಂಬತ್ತೈದರ ಜನವರಿಯಲ್ಲಿ ಕೊಟ್ರಪ್ಪನವರು ಲಿಂಗೈಕ್ಯರಾದ ಸುದ್ದಿ ಪತ್ರಿಕೆಯಲ್ಲಿ ಬಂತು. ಶಿವಗಣಾರಾಧನೆಯ ದಿನ ಸರ್ವಮಂಗಳಾ ನಾಲ್ಕನೇ ಬ್ಲಾಕಿನ ಆ ಮನೆಗೆ ಹೋದಳು. ಬಾಗಿಲಿನಲ್ಲಿ ಚಪ್ಪಲಿಗಳ ರಾಶಿ. ಉಮಾ ಒಳಕೋಣೆಯಲ್ಲಿ ಹೆಂಗಸರ ನಡುವೆ ಕೂತಿದ್ದಳು. ಇವಳನ್ನು ಕಂಡು ತಾನೇ ಎದ್ದು ಬಂದು, ಮಹಡಿ ಮೆಟ್ಟಿಲಿನ ಮೇಲಕ್ಕೆ ಕರೆದುಕೊಂಡು ಹೋದಳು.

"ನೀನು ಬಂದು ಹೋದ್ಯಲ್ಲ, ಅದರ ಮಾರನೇ ದಿನ ನಾನು ಅಂಗಡಿಗೆ ಹೋದೆ" ಎಂದು ಪೀಠಿಕೆಯಿಲ್ಲದೆ ಶುರುಮಾಡಿದಳು. "ನಮ್ಮನೆ ಹೆಂಗಸ್ರು ಆ ಅಂಗಡಿ ಮೆಟ್ಲೇ ಹತ್ತಲ್ಲ. ಏಳೆಂಟು ಜನ ಕೂತಿದ್ರು. ನಾನು ಬೆಂಗಳೂರಿಗೆ ಹೋಗ್ಲಾ, ಇಲ್ಲೇ ಇರ್ಲಾ, ಒಂದು ಮಾತು ಹೇಳಿ ಅಂದೆ. ಅಷ್ಟು ಜನರ ಮುಂದೆ ಸುಮ್ನಿರಕ್ಕೆ ಆಗ್ಲಿಲ್ಲ ಅವರಿಗೆ. 'ಮನೆಗೆ ನಡಿ, ಬರ್ತೀನಿ' ಅಂದ್ರು. ಆರು ತಿಂಗಳಾದ್ಮೇಲೆ ಅದೇ ಮೊದಲನೇ ಮಾತು."

"ಈಗ?"

"ಈಗ ಮಾತಾಡ್ತಾರೆ. ಎಲ್ಲರ ಹಂಗೇ ಇದೀವಿ."

"ನನ್ನ ಕಾಗದ ಬಂದಿತ್ತಾ?"

"ಮೂರೂ ಬಂತು." ಉಮಾ ಕೆಳಗೆ ನೋಡಿದಳು. "ನೀನು ಬಂದಿದ್ದಕ್ಕೇ ನಂಗೆ ಆ ಧೈರ್ಯ ಬಂದಿದ್ದು, ಇಲ್ಲ ಅನ್ನಲ್ಲ. ಹೋಗಕ್ಕೆ ಒಂದು ಜಾಗ ಇದೆ ಅಂತ ಗೊತ್ತಾಯ್ತಲ್ಲ. ಆದ್ರೆ ಬರೆಯಕ್ಕೆ ಕೂತಾಗೆಲ್ಲ ಒಂದೇ ನೆನಪಾಗೋದು. ನಮ್ಮಮ್ಮ ಫೋನು ಇಟ್ಮೇಲೆ ನಾನು ಹಿಡ್ಕೊಂಡು ನಿಂತಿದ್ದೆ, ನೀನು ಅಲ್ಲೇ ಇದ್ದೆ. ಅಲ್ವಾ?"

"ಇದ್ದೆ."

"ನಮ್ಮನೆಯವರೂ ಸುಮ್ನಿದ್ರು, ನೀನೂ ಸುಮ್ನಿದ್ದೆ."

ಕೆಳಗಿನಿಂದ ಯಾರೋ ಪಂಕ್ತಿಗೆ ಕರೆದರು. ಉಮಾಳ ಗಂಡ ಮೆಟ್ಟಿಲಿನ ಬುಡಕ್ಕೆ ಬಂದು, "ಉಮಾ, ಸ್ವಾಮಿಗಳು ಬಂದ್ರು, ಬಾ" ಅಂದ. ಅವಳು ಸರ್ವಮಂಗಳಾಳ ತೋಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದು, ಬಿಟ್ಟು, ಇಳಿದು ಹೋದಳು. ಊಟದ ಮನೆಯಲ್ಲಿ ಅವರಿಗೆ ಮತ್ತೆ ಮಾತಾಡಲು ಆಗಲಿಲ್ಲ.

ಸರ್ವಮಂಗಳಾ ನಡೆದೇ ಮನೆಗೆ ಹೊರಟಳು. ಮಂಡಿ ನೋಯುತ್ತಿದ್ದರಿಂದ ಎರಡು ಕಡೆ ಕೂತು ಸುಧಾರಿಸಿಕೊಂಡಳು. ಅವರೆಕಾಯಿಯ ಕಾಲ, ಶಾಪಿಂಗ್ ಕಾಂಪ್ಲೆಕ್ಸಿನ ಹೊರಗೆ ಬಿಳೇಕಹಳ್ಳಿ ಕಡೆಯ ಹೆಂಗಸೊಬ್ಬಳು ಗೋಣಿಯ ಮೇಲೆ ಸುರಿದುಕೊಂಡು ಕೂತಿದ್ದಳು. "ಸೊಗಡು ನೋಡಕ್ಕ, ತಗೋ" ಅಂದದ್ದಕ್ಕೆ ಒಂದು ಕಿಲೋ ಹಾಕಿಸಿಕೊಂಡಳು. ಒಬ್ಬಳಿಗೆ ಅದು ನಾಲ್ಕು ದಿನವಾದರೂ ಮುಗಿಯುವುದಲ್ಲ.

ಸಂಜೆ ಮೀನಾಕ್ಷಮ್ಮ ಸುಲಿಯಲು ಜೊತೆಗೆ ಬಂದು ಕೂತರು. "ಯಾರು ತೀರ್ಕೊಂಡಿದ್ದು? ನಿಮ್ಮೋರಾ?" ಎಂದು ಕೇಳಿದರು.

"ಇಲ್ಲ. ನನ್ನ ಜೊತೆ ಆಡ್ತಿದ್ದೋಳ ಅಪ್ಪ."

"ಏನಾಡ್ತಿದ್ರಿ?"

ಆರು ವರ್ಷದಿಂದ ಅದೇ ಮನೆಯಲ್ಲಿದ್ದರೂ ಆ ಮಾತು ಒಮ್ಮೆಯೂ ಬಂದಿರಲಿಲ್ಲ. "ಬಾಸ್ಕೆಟ್ ಬಾಲ್" ಅಂದಳು ಸರ್ವಮಂಗಳಾ. "ಕಾಲೇಜಲ್ಲಿ. ಒಂದು ವರ್ಷ ಗೆದ್ದಿದ್ವಿ."

"ಹೌದಾ" ಅಂದರು ಮೀನಾಕ್ಷಮ್ಮ. ಒಂದು ಕಾಯಿಯಲ್ಲಿ ಹುಳವಿತ್ತು. ಅದನ್ನು ಬೇರೆ ಇಟ್ಟು, ಇನ್ನೊಂದನ್ನು ಕೈಗೆ ತೆಗೆದುಕೊಂಡರು.